ಈ ಭಯ ಯಾವ ಇಸವಿಯದು?

ಇಂದಿರಾ ವಿಕಾಸ ಪತ್ರ ಶುರುವಾದದ್ದು 1986ರಲ್ಲಿ. ಅಂಚೆ ಕಚೇರಿಯ ಕೌಂಟರಿನಲ್ಲಿ 2,500 ರೂಪಾಯಿ ಕೊಟ್ಟರೆ 5,000 ಎಂದು ಅಚ್ಚಾದ ಕಾಗದವೊಂದು ಕೈಗೆ ಬರುತ್ತಿತ್ತು. ಅದರ ಮೇಲೆ ಯಾರ ಹೆಸರೂ ಇರುತ್ತಿರಲಿಲ್ಲ. ಮಕ್ಕಳ ಜಾತಕ, ಜಮೀನಿನ ಪಹಣಿಗಳ ಜೊತೆ ಐದು ವರ್ಷ ಟ್ರಂಕಿನ ತಳದಲ್ಲಿಟ್ಟು, ಆಮೇಲೆ ಅಂಚೆ ಕಚೇರಿಗೆ ಒಯ್ದರೆ ಅಚ್ಚಾಗಿದ್ದಷ್ಟೂ ಹಣ ಎಣಿಸಿ ಕೊಡುತ್ತಿದ್ದರು. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು. ಬಡ್ಡಿಯ ಲೆಕ್ಕದಲ್ಲಿ ಹೇಳುವುದಾದರೆ ವರ್ಷಕ್ಕೆ ಹದಿಮೂರರಿಂದ ಹದಿನೈದು ಪರ್ಸೆಂಟ್, ಅದೂ ಸರ್ಕಾರದ ಭರವಸೆಯೊಂದಿಗೆ.

ಅಂಥ ಟ್ರಂಕಿದ್ದ ಮನೆಯಲ್ಲಿ ಬೆಳೆದ ಹುಡುಗನಿಗೆ ಈಗ ನಲವತ್ತೈದು ದಾಟಿರುತ್ತದೆ. ಎಫ್‌ಡಿಗೆ ಏಳು ಪರ್ಸೆಂಟ್ ಎಂದರೆ ಯಾರೋ ತನ್ನ ಹಕ್ಕಿನದ್ದನ್ನು ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ‘ಐದು ವರ್ಷಕ್ಕೆ ಡಬಲ್’ ಎಂದು ಯಾರಾದರೂ ಅಂದರೆ ಕಿವಿ ನೆಟ್ಟಗಾಗುತ್ತದೆ. ಅದು ದುರಾಸೆಯ ಮಾತು ಎಂದು ಅವನಿಗೆ ತೋಚುವುದೇ ಇಲ್ಲ. ಅಪ್ಪ ಕಣ್ಣೆದುರೇ ಮಾಡಿ ತೋರಿಸಿದ ಲೆಕ್ಕ ತಾನೇ? ಆಗ ಬೆಲೆಗಳೂ ಅದೇ ವೇಗದಲ್ಲಿ ಏರುತ್ತಿದ್ದವು, 1991ರಲ್ಲಿ ಹಣದುಬ್ಬರ ಎರಡಂಕಿ ಮುಟ್ಟಿತ್ತು, ದುಪ್ಪಟ್ಟಾದ ಹಣದಲ್ಲಿ ಮನೆಗೆ ನಿಜವಾಗಿ ಉಳಿದದ್ದು ಸ್ವಲ್ಪ ಎಂಬ ಭಾಗ ಮಕ್ಕಳ ಕಿವಿಗೆ ಬಿದ್ದಿರಲಿಲ್ಲ. ಇವತ್ತಿನ ಕಿಸಾನ್ ವಿಕಾಸ ಪತ್ರ ದುಪ್ಪಟ್ಟಾಗಲು 115 ತಿಂಗಳು ಬೇಕು. ‘ಡಬಲ್’ ಸ್ಕೀಮುಗಳ ಏಜೆಂಟರಿಗೆ ನಮ್ಮಲ್ಲಿ ಗಿರಾಕಿಗಳು ಸುಲಭವಾಗಿ ಸಿಗುವುದರ ಹಿಂದೆ ಈ ಹಳೆಯ ಕಾಗದದ ಪಾಲೂ ಇದೆ ಎಂದು ನನ್ನ ಗುಮಾನಿ.

ಇನ್ನೊಂದು ಲೆಕ್ಕ ನೋಡಿ. 1992ರ ಏಪ್ರಿಲ್ 22ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 4,467ರಲ್ಲಿತ್ತು. ಆ ವಾರವೇ ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಬಯಲಿಗೆ ಬಂತು. ನಡುವೆ ಒಂದೆರಡು ಸಲ ಮೇಲೆದ್ದರೂ, 2003ರ ಏಪ್ರಿಲಿನಲ್ಲಿ ಸೂಚ್ಯಂಕ 3,000ದ ಆಸುಪಾಸಿನಲ್ಲೇ ಇತ್ತು. ಹನ್ನೊಂದು ವರ್ಷ ಕಾದವನಿಗೆ ಅಸಲೂ ಇಲ್ಲ. ಅಲ್ಲಿಂದ ಐದು ವರ್ಷ ತುಂಬುವ ಮೊದಲೇ, 2008ರ ಜನವರಿಯಲ್ಲಿ, ಅದು 21,000 ಮುಟ್ಟಿತು. ಒಂದೇ ಮನೆಯ ಅಣ್ಣ 1992ರಲ್ಲಿ ಮೊದಲ ಸಂಬಳ ಎಣಿಸಿದ, ತಮ್ಮ 2003ರಲ್ಲಿ ಎಂದಿಟ್ಟುಕೊಳ್ಳಿ. ಒಂದೇ ತಾಯಿಯ ಕೈತುತ್ತು ಉಂಡವರು. ಅಣ್ಣನಿಗೆ ಷೇರು ಎಂದರೆ ಜೂಜು. ತಮ್ಮನಿಗೆ ಷೇರು ಬಿಟ್ಟು ಉಳಿದದ್ದೆಲ್ಲ ಹಣ ಕೊಳೆಸುವ ದಾರಿ. ಇಬ್ಬರೂ ಅದನ್ನು ‘ನನ್ನ ಸ್ವಭಾವ’ ಎಂದು ಕರೆಯುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೊಂದು ಇಸವಿಯ ಕಥೆ.

ಆ ಇಸವಿಯನ್ನು ಪತ್ತೆ ಹಚ್ಚುವುದು ಹೇಗೆ, ಸಿಕ್ಕಮೇಲೆ ಅದರೊಂದಿಗೆ ಏನು ಮಾಡಬೇಕು ಎಂಬುದಷ್ಟೇ ಈ ಲೇಖನದ ವ್ಯಾಪ್ತಿ.

ಓದಿದ್ದಕ್ಕಿಂತ ಕಂಡದ್ದು

ಇದು ಬರೀ ಜಗಲಿ ಮಾತಲ್ಲ. ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಸ್ಟೀಫನ್ ನಾಗೆಲ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕುಟುಂಬಗಳ ಹಲವು ದಶಕಗಳ ಹಣಕಾಸು ಸಮೀಕ್ಷೆಗಳನ್ನು ಜಾಲಾಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬದುಕಿನಲ್ಲಿ ಷೇರುಪೇಟೆಯ ಕೆಟ್ಟ ದಿನಗಳನ್ನೇ ಹೆಚ್ಚಾಗಿ ಕಂಡವರು ಷೇರಿನಿಂದ ದೂರ ಉಳಿಯುತ್ತಾರೆ, ಹೂಡಿದರೂ ಕಡಿಮೆ ಹೂಡುತ್ತಾರೆ ಎಂಬುದು ಅದರ ಸಾರ. ಇತ್ತೀಚಿನ ವರ್ಷಗಳ ಅನುಭವಕ್ಕೆ ತೂಕ ಹೆಚ್ಚು, ನಿಜ. ಆದರೆ ದಶಕಗಳ ಹಿಂದಿನದೂ ಪೂರ್ತಿ ಅಳಿಸಿಹೋಗುವುದಿಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತ ಎಷ್ಟು ಭೀಕರವಾಗಿತ್ತು ಎಂದು ಪುಸ್ತಕದಲ್ಲಿ ಓದಿದವರಿಗೂ ಅದನ್ನು ಬಾಲ್ಯದಲ್ಲಿ ಉಂಡವರಿಗೂ ಮಾಹಿತಿ ಒಂದೇ ಇರಬಹುದು, ನಡವಳಿಕೆ ಒಂದೇ ಆಗುವುದಿಲ್ಲ.

ಫಿನ್‌ಲೆಂಡಿನ ಉದಾಹರಣೆ ಇನ್ನೂ ಹತ್ತಿರದ್ದು. 1990ರ ದಶಕದ ಆರಂಭದಲ್ಲಿ ಆ ದೇಶ ತೀವ್ರ ಹಿಂಜರಿತಕ್ಕೆ ಸಿಕ್ಕಿ ನಿರುದ್ಯೋಗ ವಿಪರೀತ ಏರಿತ್ತು. ಯಾವ ಊರಿನಲ್ಲಿ, ಯಾವ ಕಸುಬಿನಲ್ಲಿ ಕೆಲಸ ಹೋದದ್ದು ಹೆಚ್ಚೋ ಅಲ್ಲಿನ ಜನ, ಹತ್ತು ವರ್ಷ ಕಳೆದು ಕೈಯಲ್ಲಿ ಸಾಕಷ್ಟು ಹಣ ಆಡತೊಡಗಿದ ಮೇಲೂ ಷೇರಿಗೆ ಕೈ ಹಾಕಲು ಹಿಂಜರಿಯುತ್ತಿದ್ದರು. ಗಮನಿಸಬೇಕಾದದ್ದು, ಕೆಲಸ ಕಳೆದುಕೊಂಡವರು ತಾವೇ ಆಗಬೇಕಿರಲಿಲ್ಲ. ನೆರೆಯವರದು, ಮನೆಯವರದು ಹೋಗಿದ್ದರೂ ಸಾಕಾಗಿತ್ತು. ಪಕ್ಕದ ಮನೆಯ ಒಲೆ ಆರಿದ್ದನ್ನು ನೋಡಿದ ಮಗು ತನ್ನ ಮನೆಯ ಒಲೆಯ ಬಗ್ಗೆಯೂ ಒಂದು ತೀರ್ಮಾನಕ್ಕೆ ಬಂದುಬಿಟ್ಟಿರುತ್ತದೆ.

ಹಾಗಂತ ಇದನ್ನು ಹಣೆಬರಹ ಎಂದುಕೊಳ್ಳಬೇಕಿಲ್ಲ. ಸ್ವೀಡನ್ನಿನಲ್ಲಿ ಅವಳಿಗಳ ಹೂಡಿಕೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದಿದೆ. ಜನರ ನಡುವಿನ ವ್ಯತ್ಯಾಸದ ಸುಮಾರು ಮೂರನೇ ಒಂದು ಭಾಗ ಹುಟ್ಟಿನಿಂದ ಬಂದದ್ದು ಎಂದು ಅದು ಹೇಳಿತು. ನನಗೆ ಮುಖ್ಯವಾಗಿ ಕಂಡದ್ದು ಅದರ ಇನ್ನೊಂದು ಮಾತು: ಬೆಳೆದ ಮನೆಯ ಪ್ರಭಾವ ಎಳೆಯ ವಯಸ್ಸಿನವರಲ್ಲಿ ಢಾಳಾಗಿ ಕಾಣುತ್ತದೆ, ಅವರವರದೇ ಅನುಭವ ಕೂಡುತ್ತ ಹೋದಂತೆ ಮಾಸುತ್ತದೆ. ಭಯಪಡುವವರಿಗೆ ಪುಸ್ತಕ, ವಿಡಿಯೊ, ಅಂಕಿಅಂಶ ಎಷ್ಟು ತೋರಿಸಿದರೂ ಪ್ರಯೋಜನವಾಗದೆ ಇರುವುದಕ್ಕೂ, ಆದರೂ ಕೆಲವರು ಬದಲಾಗುವುದಕ್ಕೂ ಕಾರಣ ಇಲ್ಲೇ ಇದೆ. ಕಂಡುಂಡದ್ದನ್ನು ಸರಿಗಟ್ಟಲು ಇನ್ನೊಂದು ಕಂಡುಂಡದ್ದೇ ಬೇಕು. ಮುಂದೆ ಹೇಳುವ ಉಪಾಯಗಳೆಲ್ಲ ಇದರ ಮೇಲೇ ನಿಂತಿವೆ.

ಊರು ಕಲಿಸಿದ ಲೆಕ್ಕ

ನಮ್ಮ ರಾಜ್ಯದಲ್ಲಿ ಒಂದೊಂದು ಸೀಮೆಯ ಮಕ್ಕಳು ಒಂದೊಂದು ಪಾಠ ಕಲಿತು ಬೆಳೆದಿದ್ದಾರೆ. ಕರಾವಳಿಯನ್ನೇ ತೆಗೆದುಕೊಳ್ಳಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು, ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಈ ಸಾಲಿನಲ್ಲಿ ಜನರ ಮನಸ್ಸನ್ನು ಆಳವಾಗಿ ತಿದ್ದಿದ್ದು 1928ರಲ್ಲಿ ಸಿಂಡಿಕೇಟ್‌ನವರು ತಂದ ಪಿಗ್ಮಿ ಠೇವಣಿ. ಏಜೆಂಟ್ ದಿನಾ ಬಾಗಿಲಿಗೆ ಬಂದು ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ನೇಕಾರ, ಮೀನು ಮಾರುವಾಕೆ, ಬೀಡಿ ಕಟ್ಟುವಾಕೆ, ಗೂಡಂಗಡಿಯವ, ಯಾರಿಗೂ ಬ್ಯಾಂಕಿನ ಮೆಟ್ಟಿಲು ಹತ್ತುವ ಅಳುಕು ಉಳಿಯಲಿಲ್ಲ. ಇಂಥ ಅಂಗಳದಲ್ಲಿ ಆಡಿ ಬೆಳೆದ ಮಗುವಿಗೆ ಉಳಿತಾಯ ಎಂದರೆ ಹಲ್ಲುಜ್ಜಿದ ಹಾಗೆ ದಿನದ ಕೆಲಸ. ಮ್ಯೂಚುವಲ್ ಫಂಡಿನ ತಿಂಗಳ ಎಸ್‌ಐಪಿಯನ್ನು ಅಂಥವರಿಗೆ ವಿವರಿಸುವುದು ಬಲು ಸುಲಭ. ಆದರೆ ಪಿಗ್ಮಿ ಪುಸ್ತಕದ ಮೊತ್ತ ಒಂದು ದಿನವೂ ಇಳಿದದ್ದನ್ನು ಅವರು ಕಂಡವರಲ್ಲ. ಎಸ್‌ಐಪಿಯ ಮೊತ್ತ ಮೊದಲ ಸಲ ಕೆಂಪಕ್ಷರದಲ್ಲಿ ಕಂಡಾಗ ನಿಲ್ಲಿಸಿಬಿಡುವವರೂ ಇವರೇ.

ಕೋಲಾರದ ಚಿನ್ನದ ಗಣಿಯ ಮಕ್ಕಳ ಪಾಠ ಬೇರೆ. ಬ್ರಿಟಿಷರ ಕಾಲದಲ್ಲೇ, 1902ರಲ್ಲಿ, ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದ ಊರದು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಗಣಿ. ಕ್ವಾರ್ಟರ್ಸು ಕಂಪನಿಯದು, ಆಸ್ಪತ್ರೆ ಕಂಪನಿಯದು, ಶಾಲೆಯೂ ಅದರ ನೆರಳಿನದೇ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಗ ಹೈಸ್ಕೂಲಿನಲ್ಲಿದ್ದ ಮಗು, ಅಪ್ಪನ ಕೆಲಸ ಹೋದದ್ದನ್ನಷ್ಟೇ ನೋಡಲಿಲ್ಲ. ನೂರು ವರ್ಷ ಇದ್ದದ್ದು ಒಂದು ಬೆಳಗ್ಗೆ ಇಲ್ಲವಾಗಬಹುದು ಎಂಬುದನ್ನು ನೋಡಿತು. ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಗುಂಪು ದೊಡ್ಡದಾದದ್ದನ್ನು ನೋಡಿತು. ಇಂಥ ಅನುಭವದಿಂದ ಎಲ್ಲರೂ ಒಂದೇ ಪಾಠ ಕಲಿಯುತ್ತಾರೆ ಎಂದುಕೊಂಡರೆ ತಪ್ಪಾಗುತ್ತದೆ. ಒಬ್ಬಳು ಸ್ವಂತ ಸೂರಿಲ್ಲದೆ ಯಾವ ಹೂಡಿಕೆಯೂ ಬೇಡ ಎನ್ನುತ್ತಾಳೆ. ಅವಳ ತಮ್ಮ ಯಾವ ಕಂಪನಿಯನ್ನೂ ನಂಬದೆ ಸಂಬಳದ ಜೊತೆ ಸಣ್ಣ ವ್ಯಾಪಾರವೊಂದನ್ನು ಇಟ್ಟುಕೊಳ್ಳುತ್ತಾನೆ. ಮೂರನೆಯವನು ನಾಳೆ ಯಾರಿಗೆ ಗೊತ್ತು ಎಂದು ಬಂದದ್ದನ್ನು ಬಂದ ಹಾಗೇ ಖರ್ಚು ಮಾಡುತ್ತಾನೆ. ಅದಕ್ಕೇ ಯಾರದೋ ಊರು ಕೇಳಿ ಅವರ ಹಣದ ಬುದ್ಧಿ ಇಂಥದ್ದು ಎಂದು ತೀರ್ಪು ಕೊಡುವ ಚಟ ಒಳ್ಳೆಯದಲ್ಲ.

ಮಲೆನಾಡಿನಲ್ಲಿ 2003ರ ಸುಮಾರಿಗೆ ಹಸಿ ವೆನಿಲಾ ಕೋಡು ಕಿಲೋಗೆ ಸಾವಿರಾರು ರೂಪಾಯಿಗೆ ಹೋಗುತ್ತಿತ್ತು. ರಾತ್ರಿ ತೋಟಕ್ಕೆ ಕಾವಲು ಕೂರುವಷ್ಟು ಬೆಲೆ. ಕೆಲವೇ ವರ್ಷಗಳಲ್ಲಿ ಕೇಳುವವರೇ ಇಲ್ಲದಾಯಿತು. ಬೆಂಗಳೂರಿನಲ್ಲಿ ಇನ್ಫೊಸಿಸ್ 1993ರಲ್ಲಿ ಷೇರೊಂದಕ್ಕೆ 95 ರೂಪಾಯಿಯಂತೆ ಮಾರಾಟಕ್ಕಿಟ್ಟಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಅದನ್ನು ಇಟ್ಟುಕೊಂಡ ನೌಕರರ ಮನೆಗಳಲ್ಲಿ ‘ನಮ್ಮ ಕಂಪನಿಯ ಷೇರು ಮಾರಬಾರದು’ ಎಂಬುದು ಹೆಚ್ಚುಕಡಿಮೆ ಮನೆದೇವರ ಅಪ್ಪಣೆಯಾಯಿತು. ಆ ಮನೆಯ ಮಗಳು ಇವತ್ತು ಯಾವುದೋ ಸ್ಟಾರ್ಟಪ್ಪಿನಲ್ಲಿ ಕೆಲಸ ಮಾಡುತ್ತ ಸಂಬಳ, ಉಳಿತಾಯ ಎರಡನ್ನೂ ಅದೇ ಕಂಪನಿಯ ಹಣೆಗೆ ಕಟ್ಟಿದ್ದರೆ ಆಶ್ಚರ್ಯವಿಲ್ಲ. ಕಂಪನಿ ಮುಗ್ಗರಿಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಹೆಂಗಸರು ಮತ್ತು ಚಿನ್ನದ ವಿಷಯಕ್ಕೆ ಬಂದರೆ ನಗೆಚಾಟಿಕೆ ಮಾಡುವವರೇ ಹೆಚ್ಚು. ಸ್ವಲ್ಪ ಇತಿಹಾಸ ನೋಡಿ ಆಮೇಲೆ ನಗಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರ ತಿದ್ದುಪಡಿಯಿಂದ. ಇಡೀ ದೇಶಕ್ಕೆ 2005ರಲ್ಲಿ. ಅದಕ್ಕೂ ಮೊದಲು ಮದುವೆಯಾದವಳಿಗೆ ತವರಿನಿಂದ ಬಂದ ಪಾಲು ಎಂದರೆ ಮೈಮೇಲಿನ ಬಂಗಾರ ಅಷ್ಟೇ. ಹೊಲ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ, ಬ್ಯಾಂಕಿನ ಪಾಸ್‌ಬುಕ್ ಮೈದುನನ ಕೈಯಲ್ಲಿ. ಕಷ್ಟ ಬಂದ ದಿನ ಯಾರ ಸಹಿಯೂ ಬೇಕಿಲ್ಲದೆ ಅಡವಿಡಬಹುದಾಗಿದ್ದ ಒಂದೇ ಆಸ್ತಿ ಬಳೆ. ಅಂಥ ತಾಯಿಯನ್ನು ನೋಡಿ ಬೆಳೆದ ಮಗಳು ಡಿಜಿಟಲ್ ಕಾಲದಲ್ಲೂ ಬಂಗಾರದಂಗಡಿಗೆ ಹೋಗುವುದನ್ನು ಮೌಢ್ಯ ಎಂದರೆ ಅನ್ಯಾಯ. ಹಕ್ಕು ಬದಲಾಗಿದೆ, ತನ್ನ ಹೆಸರಿನಲ್ಲೇ ಖಾತೆ, ಫಂಡು, ನಿವೇಶನ ಇಟ್ಟುಕೊಳ್ಳಬಹುದು ಎಂಬುದನ್ನು ಅವಳ ಎದುರಿಗಿಡಬೇಕು. ಅಷ್ಟಾದ ಮೇಲೂ ಒಂದು ಪಾಲು ಬಂಗಾರ ಇರಲಿ ಎಂದರೆ ಇರಲಿ ಬಿಡಿ. ಮೇಕಿಂಗ್ ಚಾರ್ಜಿನಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕ ಗೊತ್ತಿದ್ದರೆ ಸಾಕು.

ಒಂದು ಹಾಳೆ, ಮೂರು ಅಂಕಣ

ಈಗ ಕೆಲಸಕ್ಕೆ ಬರೋಣ. ಒಂದು ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಎಡಗಡೆ ಇಸವಿ. ನಡುವೆ ಆ ವರ್ಷ ನಿಮ್ಮ ಮನೆಯಲ್ಲಿ ಹಣದ ಬಗ್ಗೆ ನಡೆದದ್ದು: ಅಪ್ಪನ ವಿಆರ್‌ಎಸ್, ಅಕ್ಕನ ಮದುವೆಯ ಸಾಲ, ಮನೆ ಕಟ್ಟಲು ಮಾರಿದ ಅರ್ಧ ಎಕರೆ, ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಊರು ಬಿಟ್ಟದ್ದು, ಸೊಸೈಟಿಯಲ್ಲಿ ಸೈಟು ಸಿಕ್ಕಿದ್ದು. ಬಲಗಡೆ ಆ ವರ್ಷ ಹೊರಗೆ ನಡೆದದ್ದು. ಐದನೇ ವಯಸ್ಸಿನಿಂದ ಮೊದಲ ಕೆಲಸದ ಐದಾರು ವರ್ಷದವರೆಗೆ ಬರೆದರೆ ಸಾಕು. ತಂದೆ ತಾಯಿ ಇದ್ದರೆ ಅವರನ್ನು ಕೇಳಿ. ನಿಮಗೆ ನೆನಪಿರುವುದಕ್ಕೂ ಅವರು ಹೇಳುವುದಕ್ಕೂ ತಾಳೆಯಾಗದ ಕಡೆಗಳಲ್ಲೇ ಹೆಚ್ಚಿನ ಮಾಲು ಇರುತ್ತದೆ. ‘ಆಗ ನಮ್ಮ ಹತ್ತಿರ ಏನೂ ಇರಲಿಲ್ಲ’ ಎಂದು ಮಗ ನಂಬಿದ್ದ ವರ್ಷದಲ್ಲಿ ಅಮ್ಮನ ಹೆಸರಲ್ಲಿ ಎರಡು ಠೇವಣಿಗಳಿದ್ದುದು ಹೀಗೆ ಹೊರಬರುವುದುಂಟು.

ಆಮೇಲೆ ಹಾಳೆಯ ಹಿಂಬದಿಯಲ್ಲಿ, ಹಣದ ವಿಷಯದಲ್ಲಿ ‘ಅದೊಂದು ಮಾತ್ರ ನಾನು ಯಾವತ್ತೂ ಮಾಡುವುದಿಲ್ಲ’ ಎನ್ನುವ ಸಂಗತಿಗಳನ್ನು ಬರೆಯಿರಿ. ಸಾಲ ಮಾಡುವುದಿಲ್ಲ, ಷೇರು ಮುಟ್ಟುವುದಿಲ್ಲ, ಯಾರಿಗೂ ಜಾಮೀನು ನಿಲ್ಲುವುದಿಲ್ಲ, ಬಾಡಿಗೆ ಮನೆಯಲ್ಲಿ ಇರುವುದಿಲ್ಲ, ಚಿನ್ನ ಮಾರುವುದಿಲ್ಲ. ಒಂದೊಂದಕ್ಕೂ ಮುಂಬದಿಯ ಯಾವುದಾದರೂ ಇಸವಿ ಹೊಂದುತ್ತದೆಯೇ ನೋಡಿ. ಹೊಂದಿದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಪೆಟ್ಟು ಬಿದ್ದದ್ದು ಯಾವುದರಿಂದಲೋ, ಅದು ಇವತ್ತಿಗೂ ಹಾಗೇ ಇದೆಯೇ?

ಉತ್ತರ ಒಂದೊಂದಕ್ಕೆ ಒಂದೊಂದು ಥರ. 1992ರಲ್ಲಿ ಷೇರು ಎಂದರೆ ಕಾಗದ. ಅಂಚೆಯಲ್ಲಿ ಕಳೆಯುತ್ತಿತ್ತು, ಸಹಿ ಹೊಂದದೆ ವಾಪಸ್ ಬರುತ್ತಿತ್ತು, ನಕಲಿಯೂ ಇರುತ್ತಿತ್ತು. ಕಾಗದವಿಲ್ಲದ ಡೀಮ್ಯಾಟ್ ಖಾತೆ ಬಂದದ್ದು 1996ರಲ್ಲಿ. ಈಗ ಮಾರಿದ ಮರುದಿನವೇ ವ್ಯವಹಾರ ಚುಕ್ತಾ ಆಗುತ್ತದೆ. ಆ ಭಾಗದ ಭಯ ಹಳತಾಯಿತು. ಬೆಲೆ ಬೀಳಬಹುದು ಎಂಬ ಭಯ ಮಾತ್ರ ಇವತ್ತಿಗೂ ಅಷ್ಟೇ ನಿಜ. ಯುನಿಟ್ ಟ್ರಸ್ಟಿನ ಯುಎಸ್-64 ಯೋಜನೆ ‘ಸರ್ಕಾರದ್ದು’ ಎಂದು ನಂಬಿ ನಿವೃತ್ತಿಯ ಹಣ ಹಾಕಿದವರು 2001ರ ಜುಲೈಯಲ್ಲಿ ಹಣ ವಾಪಸಾತಿ ನಿಂತಾಗ ಕಂಗಾಲಾದರು. ಅದರ ಬೆಲೆ ಒಳಗಿರುವ ಆಸ್ತಿಯ ಬೆಲೆಗೆ ತಾಳೆಯಾಗುತ್ತಿರಲಿಲ್ಲ. ಇಂದಿನ ಫಂಡುಗಳು ಪ್ರತಿದಿನದ ಬೆಲೆಯನ್ನು ಪ್ರಕಟಿಸಲೇಬೇಕು.

ಬ್ಯಾಂಕಿನ ಭಯದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಬಹಳ ಜನ ತಪ್ಪು ಕಡೆ ಹೆದರುತ್ತಾರೆ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಬಸವನಗುಡಿಯ ಸುತ್ತಮುತ್ತ ಎಷ್ಟೋ ಮನೆಗಳ ಮೊಮ್ಮಕ್ಕಳಿಗೆ ಅದೇ ಮೊದಲ ‘ಇಸವಿ’. ಮರುತಿಂಗಳು ಠೇವಣಿ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಎಲ್ಲ ಶಾಖೆಗಳದ್ದೂ, ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ. ಈ ವಿಮೆ ಸಹಕಾರ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಬೋರ್ಡು ಒಂದೇ ಥರ, ಕೌಂಟರು ಒಂದೇ ಥರ, ಬಡ್ಡಿ ಒಂದೂವರೆ ಪರ್ಸೆಂಟ್ ಜಾಸ್ತಿ, ಅಧ್ಯಕ್ಷರು ನಮ್ಮವರೇ. ದೊಡ್ಡ ಬ್ಯಾಂಕಿನ ಹೆಸರು ಕೇಳಿ ಬೆಚ್ಚುವವರು ಇಲ್ಲಿ ಕಣ್ಮುಚ್ಚಿ ಹತ್ತು ಲಕ್ಷ ಇಡುತ್ತಾರೆ. ಎಲ್ಲ ಸಂಘಗಳೂ ಕೆಟ್ಟವೆಂದಲ್ಲ, ಚೆನ್ನಾಗಿ ನಡೆಯುವ ಎಷ್ಟೋ ಇವೆ. ಆದರೆ ಹಣ ಇಡುವ ಮೊದಲು ‘ಇದು ಬ್ಯಾಂಕೋ, ಸಂಘವೋ’ ಎಂದು ಕೇಳಿ, ವಿಮೆ ಇದೆಯೇ ಎಂದು ಕಣ್ಣಾರೆ ನೋಡಿ. ಚೀಟಿಯದ್ದೂ ಅಷ್ಟೇ: 1982ರ ಕಾಯ್ದೆಯಡಿ ನೋಂದಾಯಿಸಿದ ಚೀಟಿಗೂ, ಬೀದಿಯ ಕೊನೆಯ ಮನೆಯವರು ನಡೆಸುವ ಚೀಟಿಗೂ ಬಹಳ ಅಂತರವಿದೆ. ನಿಮ್ಮ ಅಮ್ಮ ಚೀಟಿಯಲ್ಲಿ ಕಳೆದುಕೊಂಡಿದ್ದರೆ ಅದು ಬಹುಶಃ ಎರಡನೆಯದರಲ್ಲಿ.

ಅಳುಕಿಗೂ ಒಂದು ಪಾಲು

ಹಾಳೆ ಬರೆದ ಮಾತ್ರಕ್ಕೆ ಎದೆಬಡಿತ ಕಡಿಮೆಯಾಗುವುದಿಲ್ಲ. ಹೊಸ ಅನುಭವ ಬೇಕು ಎಂದೆನಲ್ಲ, ಅದನ್ನು ಸಣ್ಣ ಮೊತ್ತದಲ್ಲಿ ಕೊಂಡುಕೊಳ್ಳುವುದೇ ಉಪಾಯ. ಮೊದಲು ಆರು ತಿಂಗಳ ಮನೆಖರ್ಚಿನಷ್ಟು ಹಣವನ್ನು ಉಳಿತಾಯ ಖಾತೆ, ಎಫ್‌ಡಿಗಳಲ್ಲಿ ಪ್ರತ್ಯೇಕವಾಗಿ ಇಡಿ. ಗಣಿ ಮುಚ್ಚಿದ್ದನ್ನು ಕಂಡವರು ಬೇಕಾದರೆ ಹನ್ನೆರಡು ತಿಂಗಳದ್ದು ಇಡಲಿ; ಸಲಹೆಗಾರರು ಅದನ್ನು ದಂಡ ಎಂದರೂ ಕಿವಿಗೆ ಹಾಕಿಕೊಳ್ಳಬೇಕಿಲ್ಲ. ಅದು ಅವರ ನಿದ್ದೆಯ ಬೆಲೆ. ಅದಾದ ಮೇಲೆ, ಷೇರು ಎಂದರೆ ಬೆವರುವವರು ತಿಂಗಳಿಗೆ 500 ರೂಪಾಯಿಯ ಒಂದು ಇಂಡೆಕ್ಸ್ ಫಂಡ್ ಎಸ್‌ಐಪಿ ಹಾಕಿಕೊಂಡು ಎರಡು ಮೂರು ವರ್ಷ ಸುಮ್ಮನಿರಲಿ. ಇದು ಲಾಭಕ್ಕಾಗಿ ಅಲ್ಲವೇ ಅಲ್ಲ. ಬಿದ್ದದ್ದನ್ನು ಕಂಡು, ಏನೂ ಮಾಡದೆ ಕೂತು, ಎದ್ದದ್ದನ್ನೂ ಕಾಣುವುದಕ್ಕೆ. ಆ ಒಂದು ಸುತ್ತು ಮುಗಿಯುವ ತನಕ ಮೊತ್ತ ಹೆಚ್ಚಿಸುವ ಆತುರ ಬೇಡ.

ಎಷ್ಟು ಹೆಚ್ಚಿಸಬಹುದು ಎಂಬುದಕ್ಕೆ ನನ್ನ ಅಳತೆ ಹೀಗಿದೆ. 2008ರ ಜನವರಿಯ 21,000ದಿಂದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗಿಳಿಯಿತು. ಲಕ್ಷ ಹಾಕಿದ್ದರೆ ನಲವತ್ತು ಸಾವಿರದೊಳಗೆ. ಮತ್ತೆ 21,000 ಕಾಣಲು 2010ರ ನವೆಂಬರ್ ಆಯಿತು, ಅದನ್ನು ದಾಟಿ ನಿಲ್ಲಲು ಇನ್ನೂ ಮೂರು ವರ್ಷ. ನೀವು ಹಾಕಬೇಕೆಂದಿರುವ ಮೊತ್ತವನ್ನು ಬರೆದು, ಪಕ್ಕದಲ್ಲಿ ಅದರ ನಲವತ್ತು ಪರ್ಸೆಂಟ್ ಬರೆಯಿರಿ. ಐದು ವರ್ಷ ಅಷ್ಟೇ ಕಂಡರೂ ಮನೆಯಲ್ಲಿ ಜಗಳವಾಗದು ಅನ್ನಿಸಿದರೆ ಆ ಮೊತ್ತ ನಿಮ್ಮದು. ಇಲ್ಲವಾದರೆ ಇಳಿಸಿ. ಪೂರ್ತಿ ದೂರ ಇರುವುದಕ್ಕೂ ಒಂದು ಬೆಲೆಯಿದೆ, ಅದನ್ನೂ ಬರೆದುಕೊಳ್ಳಿ: 30 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ ಏಳು ಪರ್ಸೆಂಟಿನ ಎಫ್‌ಡಿ ಕೈಗೆ ಸಿಗುವುದು ಐದಕ್ಕಿಂತ ಕಡಿಮೆ. ಬೆಲೆಗಳು ವರ್ಷಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ರೂಪಾಯಿ ಅರ್ಧವಾಗುತ್ತದೆ.

ಇದರ ಉಲ್ಟಾ ಪ್ರಕರಣ ಹೆಚ್ಚು ಅಪಾಯದ್ದು. 2020ರ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡೀಮ್ಯಾಟ್ ಖಾತೆಗಳಿದ್ದವು. 2024ರ ಮಾರ್ಚಿಗೆ 15 ಕೋಟಿ ದಾಟಿದವು. ಈ ಹೊಸಬರು ಬಂದಾಗ ಸೆನ್ಸೆಕ್ಸ್ 26,000ದಿಂದ ಎದ್ದು ನಿಲ್ಲುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ 85,000 ಮೀರಿತ್ತು. ಅಲ್ಲಿಯತನಕ ಇವರು ಕಂಡದ್ದು ಹೆಚ್ಚುಕಡಿಮೆ ಏರನ್ನೇ. ಬಿದ್ದರೆ ಕೊಳ್ಳಬೇಕು, ತಿಂಗಳೊಳಗೆ ಎದ್ದೇ ಏಳುತ್ತದೆ ಎಂಬುದು ಇವರ ಬಾಲಪಾಠ. ಅದೇ ಧೈರ್ಯದಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗೆ ಇಳಿದವರ ಗತಿಯನ್ನು ಷೇರುಪೇಟೆಯ ನಿಯಂತ್ರಕ ಸೆಬಿ ಅಧ್ಯಯನ ಮಾಡಿತು: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ 93 ಪರ್ಸೆಂಟ್ ವೈಯಕ್ತಿಕ ವಹಿವಾಟುದಾರರು ಕಳೆದುಕೊಂಡಿದ್ದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಇಂಥವರಿಗೆ 1992ರ ಕಥೆ ಹೇಳಿದರೆ ಆಕಳಿಸುತ್ತಾರೆ, ಅದು ಅವರು ಕಂಡದ್ದಲ್ಲ. ಹಾಗಾಗಿ ಇವರಿಗೆ ಬೇಕಿರುವುದು ಬೇಲಿ: ಟ್ರೇಡಿಂಗ್ ಖಾತೆಗೆ ಸಂಬಳದ ಖಾತೆಯನ್ನು ಜೋಡಿಸದಿರುವುದು, ವರ್ಷಕ್ಕೆ ಇಷ್ಟೇ ಎಂದು ಬೇರೆ ಖಾತೆಯಲ್ಲಿ ಹಾಕಿ ಅದು ಮುಗಿದರೆ ಮುಗಿಯಿತು ಎನ್ನುವುದು, ಸಾಲದ ಹಣ ಒಂದು ಪೈಸೆಯೂ ಅಲ್ಲಿಗೆ ಹೋಗದಂತೆ ನೋಡುವುದು.

ಸಾಲದ ಬಗ್ಗೆ ಚಿಕ್ಕದಾಗಿ. ಬಡ್ಡಿಯವನು ಜಗಲಿಯ ಮೇಲೆ ಕೂತು ಅಪ್ಪನ ಹೆಸರು ಹಿಡಿದು ಕೂಗಿದ್ದನ್ನು ಕೇಳಿ ಬೆಳೆದವರು ಮಗಳ ಓದಿಗೆ ಶಿಕ್ಷಣ ಸಾಲ ಕೂಡ ಬೇಡ ಎಂದು ನಿವೃತ್ತಿಯ ಹಣ ತೆಗೆದುಬಿಡುತ್ತಾರೆ. ಆ ಸಾಲಕ್ಕೆ ಕೊಡುವ ಬಡ್ಡಿಗೂ, ಕ್ರೆಡಿಟ್ ಕಾರ್ಡಿನ ಬಾಕಿಗೆ ಬೀಳುವ ವರ್ಷಕ್ಕೆ ಸುಮಾರು ನಲವತ್ತು ಪರ್ಸೆಂಟಿನ ಬಡ್ಡಿಗೂ ‘ಸಾಲ’ ಎಂಬ ಒಂದೇ ಹಣೆಪಟ್ಟಿ ಹಚ್ಚುವುದರಿಂದ ಆಗುವ ಯಡವಟ್ಟು ಇದು.

ಇನ್ನು, ತೀರ್ಮಾನ ಯಾವಾಗ ತೆಗೆದುಕೊಳ್ಳುತ್ತೀರಿ ಎಂಬುದೂ ಮುಖ್ಯ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮುಂಚೆ ಒಮ್ಮೆ, ಕೊಯ್ಲಾಗಿ ಕೈಗೆ ದುಡ್ಡು ಬಂದ ಮೇಲೆ ಒಮ್ಮೆ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದೇ ರೈತ ಹಣದ ಬಿಗಿ ಇದ್ದಾಗ ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ, ಸಡಿಲವಾದಾಗ ಮುಂದೆ ಬಂದ. ಕೊರತೆಯಲ್ಲಿ ಬೆಳೆದವರಿಗೆ ಬಿಗಿ ಬಂದಾಗ ಹಳೆಯದೆಲ್ಲ ಒಮ್ಮೆಲೇ ಎದ್ದು ನಿಲ್ಲುತ್ತದೆ. ಅಡಿಕೆ ಮಾರಿದ ವಾರ, ಬೋನಸ್ ಬಂದ ತಿಂಗಳು ಕೂತು ವರ್ಷದ ಹೂಡಿಕೆ, ವಿಮೆ, ಶಾಲೆ ಫೀಸಿನ ಏರ್ಪಾಟು ಮುಗಿಸಿ, ಉಳಿದದ್ದನ್ನು ಬ್ಯಾಂಕ್ ತಾನೇ ಕಡಿತ ಮಾಡುವಂತೆ ಬರೆದುಕೊಟ್ಟರೆ ಬಿಗಿಯ ತಿಂಗಳಲ್ಲಿ ತೀರ್ಮಾನಿಸುವ ಗೊಡವೆಯೇ ಇರುವುದಿಲ್ಲ.

ಗಂಡ, ಹೆಂಡತಿ, ಮಕ್ಕಳು, ಅಪ್ಪ

ಮದುವೆಯಲ್ಲಿ ಎರಡು ಹಾಳೆಗಳು ಒಂದೇ ಮನೆಗೆ ಬರುತ್ತವೆ. ಒಂದನೇ ತಾರೀಕಿನ ಸಂಬಳದ ಮನೆಯಲ್ಲಿ ಬೆಳೆದವರಿಗೆ ತಿಂಗಳ ಕೊನೆಯಲ್ಲಿ ಖಾತೆ ಖಾಲಿಯಾದರೆ ಜೀವ ಹೋಗುತ್ತದೆ. ಅಂಗಡಿ ಮನೆಯವರಿಗೆ ಖಾತೆಯಲ್ಲಿ ಹಣ ಸುಮ್ಮನೆ ಬಿದ್ದಿದ್ದರೆ ಜೀವ ಹೋಗುತ್ತದೆ, ಅದು ಸರಕಾಗಿ ತಿರುಗುತ್ತಿರಬೇಕು. ಒಬ್ಬರನ್ನೊಬ್ಬರು ಜುಗ್ಗ, ದುಂದುಗಾರ ಎಂದು ಕರೆಯುವ ಮುಂಚೆ ಹಾಳೆಗಳನ್ನು ಅದಲುಬದಲು ಮಾಡಿ ಓದಿ. ಆಮೇಲೆ ಮೂರು ಖಾತೆ: ಮನೆಯದ್ದು ಒಂದು, ಅವರವರದ್ದು ಒಂದೊಂದು. ಸ್ವಂತ ಖಾತೆಯ ಖರ್ಚಿಗೆ ಲೆಕ್ಕ ಕೇಳಬಾರದು.

ಮಕ್ಕಳ ವಿಷಯದಲ್ಲಿ ಎಲ್ಲರೂ ಹೇಳುವ ಸ್ಟ್ಯಾನ್‌ಫರ್ಡಿನ ಮಾರ್ಷ್‌ಮೆಲೊ ಪ್ರಯೋಗ ನಿಮಗೆ ಗೊತ್ತಿರಬಹುದು: ಒಂದು ಮಿಠಾಯಿ ಎದುರಿಗಿಟ್ಟು, ಕಾದರೆ ಎರಡು ಕೊಡುತ್ತೇನೆ ಎನ್ನುವುದು. ಕಾಯುವ ಮಕ್ಕಳು ಮುಂದೆ ಗೆಲ್ಲುತ್ತಾರೆ ಎಂಬ ಅದರ ಖ್ಯಾತಿ ಈಚಿನ ದೊಡ್ಡ ಅಧ್ಯಯನಗಳಲ್ಲಿ ಬಹಳಷ್ಟು ಕರಗಿದೆ. ನನಗೆ ಇಷ್ಟವಾದದ್ದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಅದಕ್ಕೆ ಕೊಟ್ಟ ತಿರುವು. ಅವರು ಮೊದಲು ಮಕ್ಕಳಿಗೆ ಬಣ್ಣ ಹಚ್ಚುವ ಒಳ್ಳೆಯ ಸಾಮಗ್ರಿ, ಸ್ಟಿಕ್ಕರ್ ತರುತ್ತೇವೆ ಎಂದು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದರು, ಇನ್ನರ್ಧಕ್ಕೆ ‘ಇಲ್ಲ, ಖಾಲಿಯಾಗಿದೆ’ ಎಂದರು. ಆಮೇಲೆ ಮಿಠಾಯಿ ಇಟ್ಟಾಗ, ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದವು. ಮಾತು ತಪ್ಪಿದವರ ಎದುರು ಮೂರು ನಿಮಿಷ. ನಾಳೆ ಸಿಗುತ್ತದೆ ಎಂಬ ನಂಬಿಕೆಯೇ ಇಲ್ಲದ ಕಡೆ ಇವತ್ತೇ ತಿಂದುಬಿಡುವುದು ಜಾಣತನ. ಹಬ್ಬಕ್ಕೆ ನೆಂಟರು ಕೊಟ್ಟ ದುಡ್ಡನ್ನು ‘ನಿನ್ನ ಹೆಸರಲ್ಲಿ ಇಡುತ್ತೇನೆ’ ಎಂದು ಇಸಿದುಕೊಂಡು ಗ್ಯಾಸ್ ಸಿಲಿಂಡರಿಗೆ ಕೊಟ್ಟುಬಿಡುವ ನಮ್ಮ ಪದ್ಧತಿಯನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾಗಿ ಪಾಕೆಟ್ ಮನಿ ಹತ್ತೇ ರೂಪಾಯಿ ಇರಲಿ, ಹೇಳಿದ ದಿನ ಕೊಡಿ. ಹತ್ತು ತುಂಬಿದ ಮೇಲೆ ಮಗು ತಾನೇ ನಡೆಸಬಹುದಾದ ಉಳಿತಾಯ ಖಾತೆ ತೆರೆಯಲು ಅವಕಾಶವಿದೆ. ಪಾಸ್‌ಬುಕ್ ಅದರ ಕೈಗೇ ಕೊಡಿ. ಮನೆಯಲ್ಲಿ ಹಣದ ಬಿಗಿ ಇದ್ದರೆ ‘ಈ ವರ್ಷ ಪ್ರವಾಸ ಇಲ್ಲ, ಮನೆಯ ಕಂತು ಇದೆ, ಮುಂದಿನ ವರ್ಷ ಮುಗಿಯುತ್ತದೆ’ ಎಂದು ಬಾಯಿಬಿಟ್ಟು ಹೇಳಿ. ಬಾಗಿಲ ಸಂದಿಯಿಂದ ಕೇಳಿಸಿಕೊಂಡ ಅರ್ಧ ಜಗಳ ಮಕ್ಕಳ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ದಾಖಲಾಗುತ್ತದೆ.

ಇಷ್ಟೆಲ್ಲ ಓದಿದ ಉತ್ಸಾಹದಲ್ಲಿ ಎಪ್ಪತ್ತೈದರ ಅಪ್ಪನನ್ನು ಷೇರುಪೇಟೆಗೆ ಕರೆತರಲು ಹೊರಡಬೇಡಿ. ಅವರ ವಯಸ್ಸಿಗೆ ಅವರ ಅಳುಕು ಸರಿಯಾಗೇ ಇದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ, ಹೋಗಿ ಬರೆಸಲು ಪರಿಚಯದ ಅಂಚೆ ಕಚೇರಿಯೇ ಸಾಕು. ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕಿಂತ ಹೆಚ್ಚಿದ್ದರೆ ಹಂಚಿ ಇಡಲು ಹೇಳಿ. ಪ್ರತಿಯೊಂದು ಠೇವಣಿಗೂ ನಾಮಿನಿ ಇದೆಯೇ, ಆ ಹೆಸರಿನ ಕಾಗುಣಿತ ಆಧಾರಿಗೆ ಹೊಂದುತ್ತದೆಯೇ ಎಂದು ಜೊತೆಗೆ ಕೂತು ನೋಡಿ. ತೀರಿಕೊಂಡವರ ಹೆಸರು ನಾಮಿನಿಯಾಗಿ ಹಾಗೇ ಉಳಿದಿರುವುದು ಬಹಳ ಸಾಮಾನ್ಯ.